ಬೀಳ್ಕೊಡುಗೆಯ ಸುತ್ತು

ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

ಗ್ಲೆನಿಸ್ ಮೊದಲು ಅದನ್ನು ನಲ್ಲಿಯ ಸದ್ದು ಎಂದುಕೊಂಡಳು. ರಾತ್ರಿ ಬಹಳ ಹೊತ್ತಾಗಿತ್ತು. ನದಿಯ ಕಡೆಯಿಂದ ಎದ್ದ ಮಂಜು ಕಿಟಕಿಯ ಗಾಜಿಗೆ ಮುಖವಿಟ್ಟು ನಿಂತಿತ್ತು. ಅಡುಗೆಮನೆಗೆ ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದರೂ ಸದ್ದು ನಿಲ್ಲಲಿಲ್ಲ. ಅದು ಅಮ್ಮನ ಕೋಣೆಯಿಂದ ಬರುತ್ತಿತ್ತು.

ವರ್ನಾ ಗಾಢ ನಿದ್ದೆಯಲ್ಲಿದ್ದಳು. ಹೊದಿಕೆಯಿಂದ ಹೊರಗೆ ಚಾಚಿದ ಬಲಗೈಯ ಬೆರಳೊಂದು ಮಾತ್ರ ಎಚ್ಚರವಾಗಿತ್ತು. ಅದು ಮಂಚದ ಪಕ್ಕದ ಹಲಗೆಯನ್ನು ಒತ್ತುತ್ತಿತ್ತು, ಕಾಯುತ್ತಿತ್ತು, ಮತ್ತೆ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಮುಚ್ಚಿದ ಕಣ್ಣುಗಳ ಕೆಳಗೆ ಏನೋ ಒಂದು ನಿರೀಕ್ಷೆ ಬಂದು ಮಾಯವಾಗುತ್ತಿತ್ತು.

ಗ್ಲೆನಿಸ್ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಅಮ್ಮಾ, ಸಾಕು, ಮಲಕ್ಕೋ."

"ಇರೇ," ಎಂದಳು ವರ್ನಾ, ನಿದ್ದೆಯಲ್ಲೇ. "ಈಗ ಬಂದ್ಬಿಡ್ತಾನೆ."

ಬರಬೇಕಾದವನು ಕ್ಲಾರಿ, ಅವಳ ಗಂಡ. ಅವನನ್ನು ಮಣ್ಣು ಮಾಡಿ ವರ್ಷದ ಮೇಲಾಗಿತ್ತು.

ವಿಲ್ಗಾ ಬೆಂಡ್ ಊರಿನಲ್ಲಿ ಯಾರು ಸತ್ತರೂ ಸ್ಮಶಾನದಿಂದ ಎಲ್ಲರೂ ನೇರವಾಗಿ, ಹುಲ್ಲಿನ ಅಂಗಳದಲ್ಲಿ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿಗೆ ಬರುತ್ತಾರೆ. ಕ್ಲಬ್ಬಿನ ದೊಡ್ಡ ಹಾಲ್‌ನಲ್ಲಿ ಉದ್ದನೆಯ ಮೇಜುಗಳ ಮೇಲೆ ಮೊಟ್ಟೆಯ ಸ್ಯಾಂಡ್‌ವಿಚ್, ಜಾಮ್ ಮತ್ತು ಕೆನೆ ಹಚ್ಚಿದ ಸ್ಕೋನ್, ದೊಡ್ಡ ಕೆಟಲಿನಲ್ಲಿ ಟೀ ಇರುತ್ತವೆ. ಹಾಲ್ ದಾಟಿದರೆ ಗಾಜಿನ ಬಾಗಿಲು. ಅದರಾಚೆ ಜೂಜಿನ ಯಂತ್ರಗಳ ಕೋಣೆ. ಊರಿನವರು ಆ ಯಂತ್ರಗಳನ್ನು ಪೋಕಿ ಎನ್ನುತ್ತಾರೆ. ಸತ್ತವರಿಗೆ ಇಷ್ಟವಾಗಿದ್ದ ಪೋಕಿಯ ಮೇಲೆ ಆ ದಿನ ಅವರ ಹೆಸರಿನ ಚೀಟಿಯನ್ನು ತೂಗುಹಾಕುತ್ತಾರೆ. ಸಿಬ್ಬಂದಿ ಕೀಲಿ ತಿರುಗಿಸಿ ಅದನ್ನು ಬೇರೆಯವರಿಗೆ ಸಿಗದಂತೆ ಕಾಯ್ದಿರಿಸುತ್ತಾರೆ. ಮೊದಲ ನೋಟು ಕ್ಲಬ್ಬಿನದು. ಮನೆಯವರು ಒಬ್ಬೊಬ್ಬರಾಗಿ ಕುಳಿತು ಒಂದೊಂದು ಸಲ ಗುಂಡಿ ಒತ್ತುತ್ತಾರೆ. ಅದೇ ಬೀಳ್ಕೊಡುಗೆಯ ಸುತ್ತು. ಪದ್ಧತಿ ಬಹಳ ಹಳೆಯದೇನಲ್ಲ. ವರ್ನಾಳ ಅಣ್ಣ ಆಲ್ಬಿ ಕ್ಲಬ್ಬಿನ ಅಧ್ಯಕ್ಷನಾದ ಮೇಲೆ, ತನ್ನ ಹೆಂಡತಿ ತೀರಿಕೊಂಡಾಗ ಶುರು ಮಾಡಿದ್ದು. ಆದರೆ ದುಃಖದಲ್ಲಿ ಹುಟ್ಟಿದ ಪದ್ಧತಿಗಳು ಬೇಗ ಹಳತಾಗುತ್ತವೆ; ಯಾರೂ ಅವುಗಳನ್ನು ಪ್ರಶ್ನಿಸುವ ಧೈರ್ಯ ಮಾಡುವುದಿಲ್ಲ.

ಕ್ಲಾರಿ ಮತ್ತು ಆಲ್ಬಿ ಶುಕ್ರವಾರದ ಸಂಜೆ ಒಂದೇ ಯಂತ್ರದ ಮುಂದೆ ಸರದಿಯ ಮೇಲೆ ಕೂರುತ್ತಿದ್ದರು. ಅದರ ಪರದೆಯ ಮೇಲೆ ಬೆಳದಿಂಗಳ ಕೆರೆ, ಕೆರೆಯ ಮೇಲೆ ಬಿಳಿ ಹಂಸಗಳು. ವರ್ನಾ ಅಲ್ಲಿಯವರೆಗೆ ಆ ಕೋಣೆಯೊಳಗೆ ಕಾಲಿಟ್ಟವಳಲ್ಲ. ಕ್ಲಾರಿಯನ್ನು ಮಣ್ಣು ಮಾಡಿದ ದಿನ ಅಣ್ಣನೇ ಭುಜ ಹಿಡಿದು ಕರೆದುಕೊಂಡು ಬಂದ.

"ಕೂತ್ಕೋ ವರ್ನ್. ಒಂದೇ ಒಂದ್ಸಲ ಒತ್ತು. ಕ್ಲಾರಿಗೆ ಹೋಗ್ಬಾ ಅಂದಂಗೆ."

"ನಂಗಿದೆಲ್ಲ ಬರಲ್ಲ ಆಲ್ಬಿ."

"ಬರೋದೇನಿದೆ ಇದ್ರಲ್ಲಿ? ಮನೆ ಬೆಲ್ ಒತ್ತೋಕೆ ಬರಲ್ವಾ? ಹಂಗೇ."

ಸುತ್ತ ನಿಂತವರು ಅಳುತ್ತಲೇ ನಕ್ಕರು. ವರ್ನಾ ಒತ್ತಿದಳು. ಹಂಸಗಳು ಒಂದೇ ಸಾಲಿಗೆ ಬಂದು ನಿಂತು ರೆಕ್ಕೆ ಬಿಚ್ಚಿದವು. ಯಂತ್ರ ಮೂರು ಸ್ವರ ಹಾಡಿತು. ಮೂರನೆಯದು ಮೇಲಕ್ಕೆ ಏರಿ ನಿಂತಿತು. ಕ್ಲಾರಿ ಧಾನ್ಯದ ಗೋದಾಮಿನಿಂದ ಸಂಜೆ ಮನೆಗೆ ಬರುವಾಗ ಗೇಟಿನ ಹತ್ತಿರ ಹಾಕುತ್ತಿದ್ದ ಸಿಳ್ಳೆಯೂ ಹಾಗೆಯೇ ಇತ್ತು.

"ಅವ್ನೇ," ಎಂದಳು ವರ್ನಾ. "ಅವ್ನೇ ಕಣೋ ಆಲ್ಬಿ."

"ನೋಡಿದ್ರಾ? ಉತ್ತರ ಕೊಟ್ಟ!" ಎಂದು ಆಲ್ಬಿ ಕೂಗಿದ. ಯಾರೋ ಅವಳ ಕೈಗೆ ಟೀ ಕೊಟ್ಟರು, ಯಾರೋ ಹೆಗಲಿಗೆ ಶಾಲು ಹೊದಿಸಿದರು. ಅವಳಿಗೆ ಕೇಡಾಗಲೆಂದು ಯಾರೂ ಬಯಸಿರಲಿಲ್ಲ. ಈ ಪದ್ಧತಿಯ ಬಗ್ಗೆ ಹೇಳಬೇಕಾದ ಅತ್ಯಂತ ಭಯದ ಮಾತು ಅದೇ. ಅವಳನ್ನು ಅಲ್ಲಿ ಕೂರಿಸಿದ ಕೈಗಳೆಲ್ಲ ಪ್ರೀತಿಯ ಕೈಗಳು.

ಮಾರನೆಯ ವಾರ ಅವಳು ಒಬ್ಬಳೇ ಬಂದಳು. ಆಮೇಲೆ ದಿನವೂ ಬರತೊಡಗಿದಳು.

ಯಂತ್ರಗಳ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಬೆಳಗೂ ಇಲ್ಲ, ಮಧ್ಯಾಹ್ನವೂ ಇಲ್ಲ. ಸದಾ ಯಾವುದೋ ಹಬ್ಬದ ಮುಸ್ಸಂಜೆ. ನೆಲಹಾಸಿನ ದೊಡ್ಡ ದೊಡ್ಡ ಹೂಗಳ ಮೇಲೆ ಹೆಜ್ಜೆಯ ಸದ್ದು ಕೇಳುವುದಿಲ್ಲ. ವರ್ನಾ ಕೋಟನ್ನೂ ಬಿಚ್ಚದೆ ಕೂತು, ಪರದೆಗೆ ಮಾತ್ರ ಕೇಳುವಂತೆ "ಬಂದೆ ಕಣೋ" ಎನ್ನುತ್ತಿದ್ದಳು. ಬೆಳದಿಂಗಳು ಅವಳ ಕನ್ನಡಕದೊಳಕ್ಕೆ ಇಳಿಯುತ್ತಿತ್ತು. ನಲ್ಲಿ ರಿಪೇರಿಯಾಯಿತೆಂದೂ, ಗುಲಾಬಿ ಗಿಡ ಕತ್ತರಿಸಬೇಕೆಂದೂ ಅವಳು ಹಂಸಗಳಿಗೆ ಹೇಳುತ್ತಿದ್ದಳು. ಮೂರು ಸ್ವರ ಬಂದರೆ ಅವನು ಕೇಳಿಸಿಕೊಂಡ ಎಂದು ಅರ್ಥ. ಬಾರದಿದ್ದರೆ ಮತ್ತೊಮ್ಮೆ ಹೇಳಬೇಕು.

ಮನೆಯಲ್ಲಿ ಒಂದೊಂದೇ ವಸ್ತು ಕಾಣೆಯಾಗತೊಡಗಿತು. ಕ್ಲಾರಿಯ ತಗಡಿನ ದೋಣಿ ಹೋಯಿತು. ಹೊಲಿಗೆ ಯಂತ್ರ ಹೋಯಿತು. ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳಿದ್ದ ಕಪಾಟಿನಲ್ಲಿ ತಟ್ಟೆಗಳ ಧೂಳಿನ ವೃತ್ತಗಳಷ್ಟೇ ಉಳಿದವು. ಗಂಡನನ್ನು ಬಿಟ್ಟು ಬಂದು ತಾಯಿಯ ಜೊತೆಗಿದ್ದ ಗ್ಲೆನಿಸ್ ಶಾಲೆಯ ಕ್ಯಾಂಟೀನಿನ ಸಂಬಳದಲ್ಲಿ ಹಾಲು ಬ್ರೆಡ್ಡು ತರುತ್ತಿದ್ದಳು. ಕೇಳಿದರೆ ವರ್ನಾ, "ತಟ್ಟೆ ಇಟ್ಕೊಂಡು ಏನ್ಮಾಡ್ಲಿ, ಯಾರು ಬರ್ತಾರೆ ಊಟಕ್ಕೆ?" ಎನ್ನುತ್ತಿದ್ದಳು. ಹಾಗೆನ್ನುವಾಗ ಮಗಳು ಎದುರಿಗೇ ಊಟಕ್ಕೆ ಕುಳಿತಿರುತ್ತಿದ್ದಳು.

ಇದನ್ನೆಲ್ಲ ನೋಡುತ್ತಿದ್ದವಳು ಲಿಯೋನಿ. ಮನಶ್ಶಾಸ್ತ್ರ ಓದಿ, ತಾಯಿಗೆ ಪಾರ್ಶ್ವವಾಯು ಹೊಡೆದ ಮೇಲೆ ಊರಿಗೆ ಮರಳಿ, ಯಂತ್ರಗಳ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಹೆದರಿಕೆಯ ಸ್ವಭಾವ, ಬಾಗಿಲು ಹಾಕಿದ ಮೇಲೆ ಮತ್ತೆ ಬಂದು ತಳ್ಳಿ ನೋಡುವವಳು. ಅಂಥ ಕೋಣೆಗಳಲ್ಲಿ ಕೆಲಸ ಮಾಡುವವರಿಗೆಲ್ಲ ಕಡ್ಡಾಯವಾದ ತರಬೇತಿಯೊಂದಿದೆ. ಉಳಿದವರು ಬಿಸ್ಕತ್ತು ತಿನ್ನುತ್ತ ಕಳೆದ ಆ ದಿನ ಇವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಆಡುವವರನ್ನು ಗಮನಿಸಬೇಕು. ಎದ್ದೇಳದವರನ್ನು, ಕರೆದರೆ ಕೇಳಿಸಿಕೊಳ್ಳದವರನ್ನು, ಯಂತ್ರದ ಜೊತೆ ಮಾತಾಡುವವರನ್ನು ಮೆಲ್ಲನೆ ಮಾತಾಡಿಸಿ ಎಬ್ಬಿಸಬೇಕು. ಗೆಲುವು ಇನ್ನೇನು ಬರುತ್ತದೆ ಎಂದು ಬಾಯಿ ತಪ್ಪಿಯೂ ಹೇಳಬಾರದು. ಯಾರಿಗಾಗಿಯೂ ಯಂತ್ರವನ್ನು ಹಿಡಿದಿಡಬಾರದು.

ಕ್ಲಬ್ಬಿನಲ್ಲಿ ಎಲ್ಲವೂ ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಿತ್ತು. ವರ್ನಾ ಶೌಚಾಲಯಕ್ಕೆ ಎದ್ದರೆ ಯಂತ್ರವನ್ನು ಅವಳಿಗಾಗಿ ಕಾಯ್ದಿರಿಸುತ್ತಿದ್ದರು. ಸೂಪನ್ನು ಅವಳ ಮಡಿಲಿಗೇ ತಂದುಕೊಡುತ್ತಿದ್ದರು. ಲಿಯೋನಿ ಒಂದು ದಿನ ಧೈರ್ಯ ಮಾಡಿ ಆಲ್ಬಿಯ ಮುಂದೆ ನಿಂತಳು.

"ಆಲ್ಬಿ, ವರ್ನಾಗೆ ಊಟ ಯಂತ್ರದ ಹತ್ರಾನೇ ಕೊಡೋದು ನಿಲ್ಲಿಸ್ಬೇಕು."

"ಯಾಕೆ? ವಯಸ್ಸಾದೋಳಿಗೆ ಒಂದು ಬಟ್ಟಲು ಸೂಪ್ ಕೊಡೋದು ತಪ್ಪಾ?"

"ಸೂಪ್ ತಪ್ಪಲ್ಲ. ಆಚೆ ಹಾಲ್‌ಗೆ ಎದ್ದು ಬಂದು ಮೇಜಿನ ಹತ್ರ ಕೂತು ಕುಡೀಲಿ. ಒಂದ್ಸಲ ಎದ್ರೆ ಮನಸ್ಸು ಸ್ವಲ್ಪ ಬಿಡಿಸ್ಕೊಳ್ಳತ್ತೆ."

"ಓಹೋ, ಕಾಲೇಜಲ್ಲಿ ಸೂಪ್ ಎಲ್ಲಿ ಕೂತು ಕುಡೀಬೇಕು ಅಂತಾನೂ ಹೇಳ್ಕೊಡ್ತಾರಾ?" ಆಲ್ಬಿ ತನ್ನ ಮಾತಿಗೆ ತಾನೇ ನಕ್ಕ. "ಅವ್ಳು ನನ್ನ ತಂಗಿ ಕಣೇ ಹುಡುಗಿ. ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಇಲ್ಲಿ ನಾಲ್ಕು ಜನರ ಮಧ್ಯೆ ಇರ್ಲಿ ಬಿಡು."

"ಯಾವ ನಾಲ್ಕು ಜನ ಆಲ್ಬಿ? ಅವ್ರು ಇಲ್ಲಿ ಯಾರ ಮುಖ ನೋಡಿ ಮಾತಾಡಿದಾರೆ ಹೇಳಿ ನೋಡೋಣ. ನಿಮ್ಮ ಮುಖ?"

ಆಲ್ಬಿಯ ನಗು ಅರ್ಧಕ್ಕೆ ನಿಂತಿತು. "ನಿಂಗೆ ದುಃಖ ಅಂದ್ರೇನು ಅಂತ ಗೊತ್ತಿಲ್ಲ," ಎಂದು ಹೇಳಿ ಹುಲ್ಲಿನ ಅಂಗಳದ ಕಡೆ ಹೊರಟುಹೋದ.

ಆ ಚಳಿಗಾಲದಲ್ಲಿ ಗ್ಲೆನಿಸ್ ಕ್ಯಾಂಟೀನಿನ ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮೂಳೆ ಕೂಡಿಸಬೇಕು; ಸಂಜೆ ಕರೆದೊಯ್ಯಲು ಮನೆಯವರು ಬರಬೇಕು. "ನಾನು ಬರ್ತೀನಲ್ಲ," ಎಂದಿದ್ದಳು ವರ್ನಾ. "ಬರ್ತಾ ದಾರೀಲಿ ತಿನ್ನೋಕೆ ಮೀಟ್ ಪೈ ಕೊಡಿಸ್ತೀನಿ, ಚಿಕ್ಕೋಳಿದ್ದಾಗ ಕೊಡಿಸ್ತಿದ್ನಲ್ಲ ಹಂಗೆ."

ಗ್ಲೆನಿಸ್ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಳು. ನೆರಳುಗಳು ಉದ್ದವಾದವು. ಯೂಕಲಿಪ್ಟಸ್ ಮರಗಳಲ್ಲಿ ಬಿಳಿ ಗಿಳಿಗಳ ಗಲಾಟೆ ಎದ್ದು ಅಡಗಿತು. ಮನೆಗೆ ಫೋನು ಮಾಡಿದಳು; ಅದು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ದಾದಿಯೊಬ್ಬಳು ಮನೆಗೆ ಹೋಗುವ ದಾರಿಯಲ್ಲಿ ಅವಳನ್ನು ಕಾರಿನಲ್ಲಿ ಹತ್ತಿಸಿಕೊಂಡಳು. ಎಲ್ಲಿ ಇಳಿಸಬೇಕೆಂದು ಕೇಳಿದಾಗ ಗ್ಲೆನಿಸ್ ಮನೆಯ ವಿಳಾಸ ಹೇಳಲಿಲ್ಲ, ಕ್ಲಬ್ಬು ಎಂದಳು.

"ಅಮ್ಮಾ."

ವರ್ನಾ ತಿರುಗಲಿಲ್ಲ. "ಒಂದ್ನಿಮಿಷ ಇರಿ, ಈಗ ಏಳ್ತೀನಿ."

"ಅಮ್ಮಾ, ನಾನು."

"ನಾನು ಅಂದ್ರೆ ಯಾರಮ್ಮಾ?" ಎಂದಳು ವರ್ನಾ, ಕಣ್ಣು ಹಂಸಗಳ ಮೇಲೆ. ದನಿಯಲ್ಲಿ ಬೇಸರವಿರಲಿಲ್ಲ, ಅಪರಿಚಿತರ ಜೊತೆ ಆಡುವ ಸೌಜನ್ಯವಿತ್ತು.

ಗ್ಲೆನಿಸ್ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವಚಿಕೊಂಡು ಅಲ್ಲಿಯೇ ನೆಲಹಾಸಿನ ಹೂಗಳ ಮೇಲೆ ಕುಸಿದು ಕೂತಳು. ಲಿಯೋನಿ ಕೌಂಟರಿನಿಂದ ಓಡಿ ಬಂದಳು. ವರ್ನಾಳ ಪಕ್ಕದಲ್ಲಿ ಮಂಡಿಯೂರಿ, ಪರದೆಗೂ ಅವಳಿಗೂ ನಡುವೆ ಮುಖ ತಂದು, ಮೆಲ್ಲಗೆ ಹೇಳಿದಳು: "ವರ್ನಾ, ನಿಮ್ಮ ಮಗಳು ಬಂದಿದಾಳೆ. ಕೈಗೆ ಪೆಟ್ಟಾಗಿದೆ. ನನ್ನ ಜೊತೆ ಹೊರಗೆ ಬರ್ತೀರಾ? ಬಿಸಿ ಟೀ ಮಾಡ್ಕೊಡ್ತೀನಿ."

ನಿದ್ದೆಯಿಂದ ಎದ್ದವಳ ಹಾಗೆ ವರ್ನಾ ಮಗಳನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಅವಳ ಬಾಯಿಂದ ಬಂದದ್ದು ಮಾತಲ್ಲ.

ಆ ಸಂಜೆ ಹಾಲಿನ ಮೂಲೆಯ ಮೇಜಿನಲ್ಲಿ ಮೂವರೂ ಕೂತರು. ಬಯಸಿದವರು ತಮ್ಮನ್ನು ತಾವೇ ಯಂತ್ರಗಳ ಕೋಣೆಯಿಂದ ದೂರ ಇಡಿಸಿಕೊಳ್ಳಬಹುದೆಂದು ಲಿಯೋನಿ ವಿವರಿಸಿದಳು. ಒಮ್ಮೆ ಸಹಿ ಹಾಕಿದರೆ ಆರು ತಿಂಗಳು ಅವರು ಬಂದರೂ ಸಿಬ್ಬಂದಿ ಒಳಗೆ ಬಿಡುವಂತಿಲ್ಲ. ಹಾಲಿಗೆ ಬರಬಹುದು, ಊಟ ಮಾಡಬಹುದು, ಆದರೆ ಗಾಜಿನ ಬಾಗಿಲು ದಾಟುವಂತಿಲ್ಲ. ವಿಷಯ ಸಿಬ್ಬಂದಿ ಮತ್ತು ಸಮಿತಿಯ ಆಚೆ ಹೋಗುವುದಿಲ್ಲ.

"ಮತ್ತೆ ಅವ್ನು?" ಎಂದಳು ವರ್ನಾ. "ಒಬ್ನೇ ಕಾಯ್ತಾ ಇರ್ತಾನಲ್ಲ."

"ಅಮ್ಮಾ, ಅಪ್ಪ ಅಲ್ಲಿಲ್ಲ."

"ನಿಂಗೊತ್ತಿಲ್ಲ ಗ್ಲೆನ್. ನೀನು ಕೇಳಿಲ್ಲ."

ಯಂತ್ರವು ಹಾಕಿದ ದುಡ್ಡಿಗಿಂತ ಕಡಿಮೆ ಹಿಂದೆ ಕೊಟ್ಟಾಗಲೂ ಅದೇ ಹಾಡನ್ನು ಹಾಡುತ್ತದೆ, ಹಾಗೆ ಹಾಡಲೆಂದೇ ಅದನ್ನು ಮಾಡಿರುತ್ತಾರೆ ಎಂದು ಲಿಯೋನಿ ಬಿಡಿಸಿ ಹೇಳಿದಳು. ವರ್ನಾ ತಲೆಯಾಡಿಸಿದಳು. ಮಗಳ ಪ್ಲಾಸ್ಟರನ್ನು ನೋಡಿ ಸಹಿಯನ್ನೂ ಹಾಕಿದಳು. ಆದರೆ ನಂಬಿಕೆ ಸಹಿಯಿಂದ ಹೋಗುವುದಿಲ್ಲ. ಮನೆಯಲ್ಲಿ ಕೂತಾಗಲೂ ಅವಳಿಗೆ ದೂರದ ಕೆರೆಯೊಂದರ ಮೇಲೆ ಕತ್ತಲು ಕವಿಯುತ್ತಿರುವುದು ಕಾಣುತ್ತಿತ್ತು. ದಡದಲ್ಲಿ ಯಾರೋ ಕಾಯುತ್ತಿದ್ದರು. ಆರು ತಿಂಗಳು ತುಂಬುವುದನ್ನೇ ಅವಳು ಎಣಿಸುತ್ತಿದ್ದಾಳೆಂದು ಗ್ಲೆನಿಸ್‌ಗೆ ಗೊತ್ತಿತ್ತು.

ವಸಂತ ಬಂದು ಬೀದಿಯ ವಾಟಲ್ ಮರಗಳು ಹಳದಿ ಹೂ ಬಿಟ್ಟ ಹೊತ್ತಿಗೆ ಆಲ್ಬಿ ತೀರಿಕೊಂಡ. ಬೌಲಿಂಗ್ ಅಂಗಳದಲ್ಲಿ ಚೆಂಡು ಉರುಳಿಸಲು ಬಗ್ಗಿದವನು ಮೇಲೇಳಲಿಲ್ಲ. ಪದ್ಧತಿಯನ್ನು ಶುರುಮಾಡಿದವನ ಬೀಳ್ಕೊಡುಗೆ. ಅದೂ ಅದೇ ಹಂಸಗಳ ಯಂತ್ರದಲ್ಲಿ. ಮೊದಲು ಒತ್ತಬೇಕಾದವಳು ಒಡಹುಟ್ಟಿದ ತಂಗಿ. ಹೊಸ ಅಧ್ಯಕ್ಷ ಡಡ್ಲಿ ಮಣ್ಣು ಮಾಡುವ ದಿನ ಬೆಳಿಗ್ಗೆಯೇ ಆಲ್ಬಿಯ ಹೆಸರಿನ ಚೀಟಿ ಹಿಡಿದು ಲಿಯೋನಿಯ ಬಳಿ ಬಂದ.

"ತಗೋ, ತೂಗುಹಾಕು. ಕೀಲಿ ತಿರುಗ್ಸಿ ಇಡು. ಸ್ಮಶಾನದಲ್ಲಿ ಮುಗೀತಿದ್ದಂಗೆ ಬರ್ತೀವಿ."

"ಇಲ್ಲ ಡಡ್ಲಿ. ನಾನು ತೂಗುಹಾಕಲ್ಲ."

"ಏನಂದೆ?"

"ಕೀಲೀನೂ ತಿರುಗ್ಸಲ್ಲ. ವರ್ನಾ ಆ ಕೋಣೆಗೆ ಬರೋ ಹಾಗಿಲ್ಲ, ನಿಮಗೂ ಗೊತ್ತು."

"ಆಲ್ಬಿ ಇದೇ ಕ್ಲಬ್ಬಿಗೋಸ್ಕರ ಪ್ರಾಣ ಬಿಟ್ಟ! ಅವನ ತಂಗಿ ಒಂದೇ ಒಂದು ಸಲ ಬೆರಳು ಇಟ್ರೆ ನಿನ್ನ ಗಂಟೇನು ಹೋಗುತ್ತೆ? ನೀನು ಬೇಕಿದ್ರೆ ಹತ್ತು ನಿಮಿಷ ಟೀ ಕುಡಿಯೋಕೆ ಹೋಗು. ನೋಡ್ಲಿಲ್ಲ ಅಂದ್ರಾಯ್ತು."

"ನೋಡೋದೇ ನನ್ನ ಕೆಲಸ." ಲಿಯೋನಿ ಕೀಲಿಯ ಗೊಂಚಲನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ಒಂದು ಸಲ ಅಂತಾನೇ ಶುರುವಾಗೋದು ಡಡ್ಲಿ. ವರ್ನಾಗೂ ಒಂದೇ ಸಲ ಅಂದಿದ್ರು. ಅಷ್ಟು ದುಃಖದಲ್ಲಿ ಇರೋರನ್ನ ಕರ್ಕೊಂಡು ಬಂದು ನಾವೇ ಕೂರಿಸ್ತೀವಿ, ನಾವೇ ನೋಟು ಹಾಕ್ತೀವಿ, ನಾವೇ ಟೀ ಕೊಡ್ತೀವಿ. ಆಮೇಲೆ ಅವ್ರು ಏಳಲ್ಲ. ಅದನ್ನ ಯಾರೂ ನೋಡಲ್ಲ."

"ಇದು ಸತ್ತವರಿಗೆ ಕೊಡೋ ಮರ್ಯಾದೆ."

"ಸತ್ತವರಿಗೆ ಮರ್ಯಾದೆ ಕೊಡೋಕೆ ಬದುಕಿರೋರ ಮನೆ ಯಾಕೆ ಖಾಲಿಯಾಗ್ಬೇಕು?"

ಡಡ್ಲಿಯ ಕತ್ತು ಕೆಂಪಾಯಿತು. "ಸೋಮವಾರ ಸಮಿತಿ ಸೇರುತ್ತೆ. ಆಗ ಮಾತಾಡೋಣ, ನೀನು ಇಲ್ಲಿ ಇರ್ತೀಯೋ ಇಲ್ವೋ ಅಂತ," ಎಂದು ಚೀಟಿಯನ್ನು ಕೌಂಟರಿನ ಮೇಲೆ ಎಸೆದು ಹೋದ. ಕೀಲಿ ಮುಟ್ಟುವ ಅಧಿಕಾರ ಸಮಿತಿಯವರಿಗಿರಲಿಲ್ಲ. ಅದೊಂದೇ ಲಿಯೋನಿಗೆ ಆಸರೆ. ಆ ದಿನ ಕೆಲಸದಲ್ಲಿದ್ದವಳು ಅವಳೊಬ್ಬಳೇ. ಹಂಸಗಳ ಯಂತ್ರ ಎಲ್ಲ ಯಂತ್ರಗಳ ಹಾಗೆ ಯಾರಿಗಾದರೂ ಸಿಗುವಂತೆ ತೆರೆದುಕೊಂಡು ನಿಂತಿತು.

ಮಧ್ಯಾಹ್ನ ಕ್ಲಬ್ಬಿನ ಹಾಲ್ ಕಪ್ಪು ಕೋಟುಗಳಿಂದ ತುಂಬಿತು. ಗ್ಲೆನಿಸ್ ಯಾರದೋ ಸಾಂತ್ವನದ ಮಾತಿಗೆ ಕಿವಿಗೊಟ್ಟಿದ್ದಾಗ ವರ್ನಾ ಅವಳ ಪಕ್ಕದಿಂದ ಸರಿದಳು. ಜನರ ನಡುವೆ, ನೀರಿನಲ್ಲಿ ನಡೆಯುವವಳಂತೆ ನಿಧಾನವಾಗಿ, ಗಾಜಿನ ಬಾಗಿಲಿಗೆ ಬಂದಳು. ಬಾಗಿಲು ತೆರೆದಿತ್ತು. ಹೊಸ್ತಿಲಿನಲ್ಲಿ ಲಿಯೋನಿ ನಿಂತಿದ್ದಳು.

"ದಾರಿ ಬಿಡಮ್ಮ."

"ಆಗಲ್ಲ ವರ್ನಾ. ಇಲ್ಲಿ ನಿಲ್ಲೋದು ಬೇಡ, ಬನ್ನಿ, ಹೊರಗೆ ಅಂಗಳದಲ್ಲಿ ಕೂರೋಣ."

"ನನ್ನ ಅಣ್ಣ ಸತ್ತಿದಾನೆ."

"ಹೌದು. ನಂಗೂ ಬೇಜಾರಾಗಿದೆ."

"ಇಬ್ರೂ ಅಲ್ಲೇ ಇರ್ತಾರೆ ಇವತ್ತು, ಕ್ಲಾರೀನೂ ಆಲ್ಬೀನೂ. ನಾನು ಹೋಗ್ದಿದ್ರೆ ಏನಂದ್ಕೊಳ್ಳಲ್ಲ?" ವರ್ನಾಳ ದನಿ ತಗ್ಗಿತ್ತು; ಆದರೆ ಮುಂದಿನ ಮಾತು ಚಾಕುವಿನಂತೆ ಬಂತು. "ನೀನು ನನ್ನ ಗಂಡನ್ನ ಎರಡನೇ ಸಲ ಮಣ್ಣಿಗೆ ಹಾಕ್ದೆ, ಗೊತ್ತಾ? ಅವತ್ತು ನನ್ನ ಕೈಲಿ ಸಹಿ ಹಾಕಿಸ್ದಾಗ."

ಲಿಯೋನಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. ಅಲ್ಲಿಂದ ಕದಲಲಿಲ್ಲ.

ಆಗ ಒಳಗಿನಿಂದ ಮೂರು ಸ್ವರ ಕೇಳಿಸಿದವು. ಮೂರನೆಯದು ಮೇಲಕ್ಕೆ ಏರಿ ನಿಂತಿತು.

ವರ್ನಾಳ ಮುಖ ದೀಪ ಹಚ್ಚಿದಂತಾಯಿತು. "ಕೇಳಿಸ್ತಾ? ಕರೀತಿದಾನೆ!" ಎಂದು ಲಿಯೋನಿಯ ಭುಜದ ಮೇಲೆ ಕೈಯಿಟ್ಟು, ತುದಿಗಾಲಿನಲ್ಲಿ ನಿಂತು ಒಳಗೆ ನೋಡಿದಳು.

ಹಂಸಗಳ ಮುಂದೆ ಯಾರೋ ಒಬ್ಬ ಕೂತಿದ್ದ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಲಾರಿ ಚಾಲಕ, ಈ ಊರಿನವನಲ್ಲ. ಮಡಿಲಲ್ಲಿ ಬಿಸಿ ಚಿಪ್ಸಿನ ಪೊಟ್ಟಣ. ಒಂದು ಕೈಯಿಂದ ತಿನ್ನುತ್ತ ಇನ್ನೊಂದು ಕೈಯಿಂದ ಒತ್ತುತ್ತಿದ್ದ. ಬೆಳದಿಂಗಳ ಕೆರೆಯ ಮೇಲೆ ಹಂಸಗಳು ಅವನಿಗಾಗಿ ರೆಕ್ಕೆ ಬಿಚ್ಚಿದ್ದವು. ಅವನು ಪರದೆಯನ್ನೇ ನೋಡುತ್ತಿರಲಿಲ್ಲ. ಕತ್ತು ತುರಿಸಿಕೊಂಡ. ಬೆರಳಿನ ಉಪ್ಪನ್ನು ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಅದೇ ಮೂರು ಸ್ವರ. ಗೇಟಿನ ಹತ್ತಿರದ ಸಿಳ್ಳೆ.

ವರ್ನಾ ನೋಡುತ್ತ ನಿಂತಳು. ಲಿಯೋನಿಯ ಭುಜದ ಮೇಲಿನ ಕೈ ಭಾರವಾಗುತ್ತ ಹೋಯಿತು.

"ಯಾರು ಅವ್ನು?" ಎಂದು ವರ್ನಾ ಕೇಳಿದಳು.

"ಗೊತ್ತಿಲ್ಲ. ದಾರೀಲಿ ಹೋಗೋರು."

"ಹ್ಞೂಂ." ವರ್ನಾ ಕೈ ತೆಗೆದಳು. "ಅವ್ನನ್ನೂ ಸ್ವಲ್ಪ ನೋಡ್ಕೋಮ್ಮ. ಆ ಚಿಪ್ಸು ಮೇಜಿನ ಹತ್ರ ಬಂದು ತಿನ್ನು ಅನ್ನು."

ಹಾಲಿನಲ್ಲಿ ಡಡ್ಲಿ ಅವಳನ್ನು ತಡೆದ. "ಏನಾಯ್ತು ವರ್ನ್? ಆ ಹುಡುಗಿ ಒಳಗೆ ಬಿಡ್ಲಿಲ್ವಾ? ನಾನು ಬಂದು ಹೇಳ್ತೀನಿ ನಡಿ."

"ಬೇಡ ಡಡ್ಲಿ. ನಾನು ಒತ್ತಲ್ಲ."

"ಆಲ್ಬಿಗೆ ಹೋಗ್ಬಾ ಅನ್ಬೇಡ್ವಾ?"

"ಇಲ್ಲೇ ಅಂತೀನಿ." ವರ್ನಾ ಕುರ್ಚಿಯೊಂದನ್ನು ಎಳೆದುಕೊಂಡು ಎಲ್ಲರಿಗೂ ಕಾಣುವಂತೆ ಕೂತಳು. "ಅವನು ಚಿಕ್ಕೋನಿದ್ದಾಗ ನಮ್ಮಪ್ಪ ಕುರಿ ಉಣ್ಣೆ ತೆಗೆಯೋ ಕತ್ತರಿ ತಗೊಂಡು ನನ್ನ ಜಡೆ ಕತ್ತರಿಸಿದ್ದ. ಅದನ್ನ ಯಾರಿಗೂ ಹೇಳಿಲ್ಲ ನಾನು. ಕೂತ್ಕೊಳ್ಳಿ, ಹೇಳ್ತೀನಿ." ಜನ ಒಬ್ಬೊಬ್ಬರಾಗಿ ಕುರ್ಚಿಗಳನ್ನು ಎಳೆದುಕೊಂಡರು. ಬೇರೆಯವರಿಗೂ ಆಲ್ಬಿಯ ಕಥೆಗಳು ನೆನಪಾದವು. ಟೀಯನ್ನು ಮತ್ತೆ ಬಿಸಿ ಮಾಡಬೇಕಾಯಿತು. ಡಡ್ಲಿ ಕೊನೆಯವರೆಗೂ ನಿಂತೇ ಇದ್ದ. ಸೋಮವಾರದ ಸಮಿತಿ ಏನು ಮಾಡುತ್ತದೋ, ಮುಂದಿನ ಸಾವಿಗೆ ಯಾರು ಚೀಟಿ ತರುತ್ತಾರೋ, ಯಾರಿಗೂ ಗೊತ್ತಿರಲಿಲ್ಲ. ಆ ದಿನ ಮಾತ್ರ ಗಾಜಿನ ಬಾಗಿಲಿನ ಕಡೆ ಯಾರೂ ಹೋಗಲಿಲ್ಲ.

ಕಾರಿನಲ್ಲಿ ಗ್ಲೆನಿಸ್ ತಾಯಿಯನ್ನು ಓರೆಗಣ್ಣಿನಲ್ಲಿ ನೋಡಿದಳು. ನದಿಯ ಮೇಲೆ ಸಂಜೆಯ ಬೆಳಕು ಚಪ್ಪಟೆಯಾಗಿ ಹರಡಿತ್ತು.

"ಆ ಬಾಗಿಲ ಹತ್ರ ಏನಾಯ್ತಮ್ಮ? ನಿಂತಿದ್ದನ್ನ ನೋಡ್ದೆ."

ವರ್ನಾ ನದಿಯ ಕಡೆ ನೋಡುತ್ತಿದ್ದಳು. ಹೇಳಿದರೆ ಮಗಳು ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ, ನಾನು ಹೇಳಿರಲಿಲ್ಲವಾ ಎನ್ನುವುದನ್ನು ಬಾಯಲ್ಲೇ ನುಂಗುತ್ತಾಳೆ. ಚಿಪ್ಸು ತಿನ್ನುವವನೊಬ್ಬನಿಗೂ ಕ್ಲಾರಿ ಸಿಳ್ಳೆ ಹಾಕಿದನೆಂದು ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿಕೊಂಡರೆ ಊರು ಅದನ್ನೂ ಒಂದು ಕಥೆ ಮಾಡಿ ನಗುತ್ತದೆ, ಪ್ರೀತಿಯಿಂದಲೇ. ಅವನು ಎಂದೂ ಅಲ್ಲಿರಲಿಲ್ಲ. ಇಷ್ಟು ದಿನ ಅವಳು ಮಾತಾಡಿದ್ದು ಯಾರ ಜೊತೆಗೂ ಅಲ್ಲ. ಇದು ತನ್ನದು, ತನ್ನೊಬ್ಬಳದು. ಮಗಳಿಗೂ ಬೇಡ, ಪಾದ್ರಿಗೂ ಬೇಡ.

"ಏನಿಲ್ಲ," ಎಂದಳು. "ಆ ಹುಡುಗಿ ಬೇಡ ಅಂದ್ಲು, ಬಂದ್ಬಿಟ್ಟೆ."